ಬಿಡುವಿಲ್ಲದವರ ಅಲಂಕಾರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು)

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವವರು ಬನವಾಸಿಯ ಕದಂಬರನ್ನೋ ಬಳ್ಳಿಗಾವೆಯ ಶಿಲ್ಪವನ್ನೋ ವಚನಕಾರರ ಸಮಾಜದೃಷ್ಟಿಯನ್ನೋ ಎತ್ತಿಕೊಳ್ಳುವುದು ವಾಡಿಕೆ. ಅವುಗಳ ನಡುವೆ ಒಬ್ಬಳು ತಲೆಗೂದಲಿನ ಬಣ್ಣ, ಮುಖದ ಪೌಡರು, ಹಣೆಯ ಬೊಟ್ಟು ಎಂದು ಬರೆಯ ಹೊರಟರೆ ಕೆಲವರಿಗೆ ನಗು ಬರಬಹುದು. ಇನ್ನು ಕೆಲವರು ಇದು ಹುಡುಗಿಯರ ಚಪಲವೆಂದು ಪುಟ ಮಗುಚಬಹುದು. ಹಾಗೆ ಮಗುಚುವವರಲ್ಲಿ ನನ್ನದೊಂದು ಬಿನ್ನಹ. ತಿಂಗಳಿಗೊಮ್ಮೆ ತಲೆಗೆ ಕಪ್ಪು ಹಚ್ಚುವವರು ಗಂಡಸರಲ್ಲಿಯೂ ಕಡಮೆಯಿಲ್ಲ. ಈ ಲೇಖನದ ಅರ್ಧ ಪಾಲು ಅವರಿಗೂ ಅನ್ವಯಿಸತಕ್ಕದ್ದೇ.

ಬಿಡುವಿಲ್ಲದ ಹೆಂಗಸು ಎಂದರೆ ಯಾರು? ಪತ್ರಿಕೆಗಳ ಸೌಂದರ್ಯದ ಪುಟಗಳನ್ನು ನೋಡಿದರೆ ಆಕೆ ದೊಡ್ಡ ನಗರದ ಕಛೇರಿಯಲ್ಲಿ ಗಣಕಯಂತ್ರದ ಮುಂದೆ ಕುಳಿತವಳು. ನಮ್ಮ ಶಿಕಾರಿಪುರ, ಸೊರಬದ ಕಡೆಯ ಬಿಡುವಿಲ್ಲದವಳೇ ಬೇರೆ. ಶಿರಾಳಕೊಪ್ಪದ ದಾರಿಯಲ್ಲಿ ಬೆಳಗಿನ ಬಸ್ಸಿಗೆ ಕಾದು ನಿಂತ ಶಾಲೆಯ ಶಿಕ್ಷಕಿ ಆಕೆ. ಅಂಗನವಾಡಿಯ ಕಾರ್ಯಕರ್ತೆ, ಮನೆಯಿಂದ ಮನೆಗೆ ತಿರುಗುವ ಆಶಾ ಕಾರ್ಯಕರ್ತೆ, ಸಂತೆಯಲ್ಲಿ ಸೊಪ್ಪು ಮಾರುವವಳು. ಮಳೆಗಾಲದಲ್ಲಿ ನಾಟಿ, ಆಮೇಲೆ ಕಳೆ, ದೀಪಾವಳಿಯ ಆಚೀಚೆ ಅಡಿಕೆ ಸುಲಿತ, ಅದು ಮುಗಿಯುವ ಮೊದಲೇ ಭತ್ತದ ಕೊಯ್ಲು ಎಂದು ವರ್ಷದ ಹನ್ನೆರಡು ತಿಂಗಳೂ ಕೈ ಬಿಡುವಾಗದವಳು. ನನ್ನ ಅವ್ವ ಈ ಕೊನೆಯ ಗುಂಪಿಗೆ ಸೇರಿದವಳು. ಡಬ್ಬಕ್ಕೆ ಇಷ್ಟು ಎಂಬ ಕೂಲಿಗೆ ರಾತ್ರಿಯೆಲ್ಲ ಅಡಿಕೆ ಸುಲಿದು ನನ್ನನ್ನು ಬಿ.ಎ.ವರೆಗೆ ತಂದಿದ್ದಾಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ಕಳೆದ ವರ್ಷ ನಮ್ಮ ಕಾಲೇಜಿನ ರಾಜ್ಯೋತ್ಸವ ಸಮಾರಂಭದಲ್ಲಿ ನನಗೊಂದು ಪ್ರಬಂಧದ ಬಹುಮಾನ ಬರುವುದಿತ್ತು. ಅವ್ವನನ್ನು ಬಾ ಎಂದು ಕರೆದಿದ್ದೆ. ನಲವತ್ತೈದರ ಅವಳಿಗೆ ಮುಂದಲೆ ಪೂರ್ತಿ ನರೆತಿದೆ. “ನಿಮ್ಮ ಮೇಷ್ಟ್ರುಗಳ ಎದುರಿಗೆ ಮುದುಕಿ ಹಂಗೆ ಕೂತ್ಕಳಾಕಾಗುತ್ತೇನೆ?” ಎಂದು, ಸುಲಿತದಿಂದ ರಾತ್ರಿ ಹತ್ತಕ್ಕೆ ಬಂದವಳು ಅಂಗಡಿಯಿಂದ ತಂದಿದ್ದ ಪೊಟ್ಟಣವನ್ನು ನೀರಿನಲ್ಲಿ ಕಲಸಿ ತಲೆಗೆ ಹಚ್ಚಿಕೊಂಡಳು. ಬಟ್ಟಲಿನಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಹುಬ್ಬಿಗೂ ಸವರಿದಳು. ಪೊಟ್ಟಣದ ಮೇಲೆ ಹಸಿರೆಲೆಯ ಚಿತ್ರವಿತ್ತು. ಮೆಹೆಂದಿ ಎಂಬ ಹೆಸರಿತ್ತು. ನಾನು ಅದೇ ಕೋಣೆಯಲ್ಲಿ, ಅದೇ ದೀಪದ ಕೆಳಗೆ ಟಿಪ್ಪಣಿ ಓದುತ್ತಿದ್ದೆ. ಮರುದಿನ ತುರಿಕೆ ಹತ್ತಿತು. ಅದರ ಮಾರನೆಯ ದಿನ ಹಣೆ, ಕಿವಿ, ರೆಪ್ಪೆಗಳೆಲ್ಲ ಊದಿ, ಕಣ್ಣು ತೆರೆಯಲಾರದೆ ಅವಳು ಗೋಡೆ ಹಿಡಿದು ನಡೆದಳು. ಆಸ್ಪತ್ರೆ, ಚುಚ್ಚುಮದ್ದು, ಮಾತ್ರೆ ಎಲ್ಲವೂ ಆದವು. ಕಣ್ಣಿಗೆ ಪೆಟ್ಟಾಗಲಿಲ್ಲವೆಂಬುದೊಂದೇ ಸಮಾಧಾನ. ಹದಿನೈದು ದಿನ ಸುಲಿತದ ಕೂಲಿ ಹೋಯಿತು. ಬಹುಮಾನವನ್ನು ನಾನೊಬ್ಬಳೇ ಹೋಗಿ ತೆಗೆದುಕೊಂಡು ಬಂದೆ.

ನನ್ನನ್ನು ಕಾಡಿದ ಪ್ರಶ್ನೆ ಎಂದರೆ, ಅದೇ ಪೊಟ್ಟಣವನ್ನು ಅವಳು ಹಿಂದೆ ಎರಡು ಸಲ ಹಚ್ಚಿದ್ದಳು, ಆಗ ಏನೂ ಆಗಿರಲಿಲ್ಲ; ಮೂರನೆಯ ಸಲ ಏಕೆ ಹೀಗಾಯಿತು? ಇದಕ್ಕೆ ಉತ್ತರ ಹುಡುಕುತ್ತ ಹೋದದ್ದರ ಫಲವೇ ಈ ಬರಹ. ವಿಜ್ಞಾನ ನನ್ನ ಅಭ್ಯಾಸದ ವಿಷಯವಲ್ಲ. ಆದರೂ ತಿಳಿದವರನ್ನು ಕೇಳಿ, ಓದಿ, ಅರ್ಥವಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಕೂದಲಿನ ಕಪ್ಪಿಗೆ ಕಾರಣ ಮೆಲನಿನ್ ಎಂಬ ವರ್ಣದ್ರವ್ಯ. ಕೂದಲಿನ ಬುಡದ ಚೀಲದಲ್ಲಿ ಅದನ್ನು ತಯಾರಿಸುವ ಕಣಗಳು ವಯಸ್ಸಿನೊಡನೆ ಕೆಲಸ ನಿಲ್ಲಿಸುತ್ತವೆ. ಆಮೇಲೆ ಹುಟ್ಟುವ ಕೂದಲು ಬಣ್ಣವಿಲ್ಲದೆಯೇ ಹೊರಬರುತ್ತದೆ. ನರೆ ಎಂದರೆ ಇಷ್ಟೇ. ಇದಕ್ಕೆ ಅಂಗಡಿಯಲ್ಲಿ ಸಿಗುವ ಶಾಶ್ವತ ಬಣ್ಣಗಳಲ್ಲಿ ಬಹುಪಾಲಿನ ಜೀವಾಳ ಪ್ಯಾರಾ-ಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕ. ಹೆಸರು ಬಾಯಿಗೆ ಬಾರದವರು ಪಿ.ಪಿ.ಡಿ. ಎನ್ನುತ್ತಾರೆ. ಇದಕ್ಕೆ ತನ್ನದೆಂಬ ಕಪ್ಪಿಲ್ಲ. ಇದರ ಕಣಗಳು ಬಹು ಸಣ್ಣವು. ಕೂದಲಿನ ಮೇಲಿನ ಪೊರೆಯನ್ನು ಅಮೋನಿಯದಂಥ ಕ್ಷಾರವು ಸಡಿಲಿಸಿದೊಡನೆ ಒಳಹೊಕ್ಕು, ಹೈಡ್ರೊಜನ್ ಪೆರಾಕ್ಸೈಡಿನಂಥ ಆಮ್ಲಜನಕ ಕೊಡುವ ವಸ್ತುವಿನ ನೆರವಿನಿಂದ ಒಂದಕ್ಕೊಂದು ಬೆಸೆದು ದೊಡ್ಡವಾಗಿ, ಕಪ್ಪಾಗಿ, ಹೊರಬರಲಾರದೆ ಅಲ್ಲಿಯೇ ಉಳಿಯುತ್ತವೆ. ಬಣ್ಣ ನಿಲ್ಲುವ ಗುಟ್ಟು ಇದೇ. 1907ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಯುಜೀನ್ ಶ್ಯುಲರ್ ಇಂಥ ಕೂದಲ ಬಣ್ಣವನ್ನು ಸಿದ್ಧಪಡಿಸಿ ಪ್ಯಾರಿಸಿನ ಕ್ಷೌರಿಕರಿಗೆ ಮಾರಿದ. ಅವನು 1909ರಲ್ಲಿ ಸ್ಥಾಪಿಸಿದ ಸಂಸ್ಥೆಯೇ ಇಂದಿನ ಲೋರಿಯಾಲ್.

ಕೂದಲೊಳಗೆ ನುಗ್ಗುವ ಈ ಸಣ್ಣ ಕಣವು ಚರ್ಮದೊಳಕ್ಕೂ ನುಗ್ಗುತ್ತದೆ. ಅಲ್ಲಿ ದೇಹದ ಕಾವಲು ವ್ಯವಸ್ಥೆ ಇದನ್ನು ಮೊದಲ ಸಲ, ಎರಡನೆಯ ಸಲ ಸುಮ್ಮನೆ ನೋಡಿ ಗುರುತಿಟ್ಟುಕೊಳ್ಳಬಹುದು. ಗುರುತು ಬಲಿತ ಮೇಲೆ, ಮೂರನೆಯ ಸಲವೋ ಮೂವತ್ತನೆಯ ಸಲವೋ, ಶತ್ರುವೆಂದು ಮೇಲೆ ಬೀಳುತ್ತದೆ. ಇದೇ ಒಗ್ಗದಿಕೆ, ಅಂದರೆ ಅಲರ್ಜಿ. ಇದು ಹಚ್ಚಿದ ಗಳಿಗೆಯಲ್ಲಿ ಕಾಣದೆ, ಒಂದೆರಡು ದಿನ ಕಳೆದು ಕಾಣುತ್ತದೆ. “ನಾನು ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ನನಗೇನೂ ಆಗಿಲ್ಲ” ಎಂಬ ಮಾತು ಇದರಿಂದಾಗಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಎಲ್ಲರಿಗೂ ಹೀಗಾಗುತ್ತದೆಂದಲ್ಲ, ಬಹುಮಂದಿಗೆ ಆಗುವುದೇ ಇಲ್ಲ. ಯಾರಿಗೆ ಆಗುತ್ತದೆಂದು ಮುಂದಾಗಿ ಹೇಳುವ ಗುರುತು ಮಾತ್ರ ಮುಖದ ಮೇಲೆ ಬರೆದಿರುವುದಿಲ್ಲ.

ಸರ್ಕಾರಕ್ಕೆ ಈ ವಿಷಯ ತಿಳಿಯದೆಯೇನೂ ಇಲ್ಲ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯ ಅಡಿಯಲ್ಲಿ ಬಂದ ನಿಯಮಗಳು ಪಿ.ಪಿ.ಡಿ. ಇರುವ ಬಣ್ಣದ ಮೇಲೆ ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಎಚ್ಚರಿಕೆ ಇರಬೇಕೆಂದು ವಿಧಿಸಿವೆ. 2020ರ ಪ್ರಸಾಧನ ಸಾಮಗ್ರಿ ನಿಯಮಗಳು ಅದನ್ನು ಮುಂದುವರಿಸಿವೆ. ಎಚ್ಚರಿಕೆಯ ತಾತ್ಪರ್ಯ ಎರಡೇ ಮಾತು: ಮೊದಲು ಚರ್ಮದ ಮೇಲೆ ಪರೀಕ್ಷಿಸಿ ನೋಡತಕ್ಕದ್ದು, ಹುಬ್ಬಿಗೂ ರೆಪ್ಪೆಗೂ ಎಂದೆಂದಿಗೂ ಹಚ್ಚಬಾರದು, ಹಚ್ಚಿದರೆ ಕುರುಡಾಗಬಹುದು. ಕುರುಡು ಎಂಬುದು ಹೆದರಿಸುವ ಮಾತಲ್ಲ. 1933ರಲ್ಲಿ ಅಮೆರಿಕದಲ್ಲಿ ‘ಲ್ಯಾಷ್ ಲ್ಯೂರ್’ ಎಂಬ ರೆಪ್ಪೆಬಣ್ಣ ಮಾರಾಟವಾಗುತ್ತಿತ್ತು; ಅದರಲ್ಲಿದ್ದದ್ದು ಇದೇ ಜಾತಿಯ ರಾಸಾಯನಿಕ. ಹಲವು ಹೆಂಗಸರ ಕಣ್ಣಿಗೆ ಅದು ಹಾನಿಮಾಡಿತು. 1938ರಲ್ಲಿ ಆ ದೇಶ ಪ್ರಸಾಧನ ಸಾಮಗ್ರಿಗಳನ್ನೂ ಕಾನೂನಿನ ಹಿಡಿತಕ್ಕೆ ತಂದುದಕ್ಕೆ ಇದೂ ಒಂದು ಕಾರಣ. ಅವ್ವ ಬಟ್ಟಲಿನ ತಳದ ಚೂರನ್ನು ಹುಬ್ಬಿಗೆ ಸವರಿದಾಗ ಈ ಎಚ್ಚರಿಕೆ ಪೊಟ್ಟಣದ ಬೆನ್ನಿನ ಮೇಲೆ ಎಳ್ಳಿಗಿಂತ ಸಣ್ಣ ಅಕ್ಷರದಲ್ಲಿ ಇತ್ತು. ಅವಳಿಗೆ ಓದು ಬರುವುದಿಲ್ಲ. ನನಗೆ ಬರುತ್ತದೆ.

ಪರೀಕ್ಷೆಯ ಕ್ರಮ ಬಹು ಸುಲಭ. ಕಿವಿಯ ಹಿಂಬದಿಯನ್ನಾಗಲಿ ಮೊಣಕೈಯ ಒಳಮಡಿಕೆಯನ್ನಾಗಲಿ ಸೋಪಿನಿಂದ ತೊಳೆದು ಒರಸಿ, ಪೊಟ್ಟಣದಿಂದ ಒಂದು ಚಿಟಿಕೆಯಷ್ಟನ್ನು ಮಾತ್ರ ಕಲಸಿ, ಉದ್ದಿನಕಾಳಿನಷ್ಟು ಹಚ್ಚಿ ಒಣಗಲು ಬಿಡುವುದು. ಮಿಕ್ಕ ಪುಡಿಯನ್ನು ನೀರು ತಾಗದಂತೆ ಮಡಿಸಿಡಬೇಕು, ಏಕೆಂದರೆ ಒಮ್ಮೆ ಕಲಸಿದ್ದನ್ನು ಇಟ್ಟುಕೊಳ್ಳುವಂತಿಲ್ಲ. ನಿಯಮದಲ್ಲಿ ಹೇಳಿರುವ ಕಾಲ 24 ಗಂಟೆ. ತುರಿಕೆ ತಡವಾಗಿ ಬರುವುದುಂಟಾದ್ದರಿಂದ ಎರಡು ದಿನ ಕಾಯುವುದು ಲೇಸು. ಶುಕ್ರವಾರ ರಾತ್ರಿ ಚುಕ್ಕೆ ಇಟ್ಟರೆ ಭಾನುವಾರ ತಲೆಗೆ. ಕೆಂಪಾಗಲಿ ತುರಿಕೆಯಾಗಲಿ ಗುಳ್ಳೆಯಾಗಲಿ ಕಂಡರೆ ಆ ಬಣ್ಣದ ಸಹವಾಸ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಇದನ್ನು ಪ್ರತಿ ಸಲವೂ ಮಾಡತಕ್ಕದ್ದು. ಎರಡು ಸಲ ಒಗ್ಗಿದ್ದು ಮೂರನೆಯ ಸಲ ಒಗ್ಗದೆ ಹೋದದ್ದನ್ನು ಮೇಲೆಯೇ ಹೇಳಿದೆ.

ಪೊಟ್ಟಣದ ಮುಂಬದಿಯನ್ನು ನಂಬಬಾರದು, ಬೆನ್ನನ್ನು ಓದಬೇಕು. ‘ಅಮೋನಿಯ ಇಲ್ಲ’ ಎಂದರೆ ಪಿ.ಪಿ.ಡಿ. ಇಲ್ಲವೆಂದು ಅರ್ಥವಲ್ಲ. ‘ಹರ್ಬಲ್’ ಎಂದರೂ ಅಲ್ಲ. ‘ಕಪ್ಪು ಮೆಹೆಂದಿ’ ಎಂಬುದಂತೂ ಹೆಸರಿನಲ್ಲಿಯೇ ಅಸಂಗತ, ಏಕೆಂದರೆ ಮದರಂಗಿಯ ಎಲೆ ಒಂದೇ ಕಪ್ಪು ಕೊಡಲಾರದು. ಅರ್ಧ ಗಂಟೆಯಲ್ಲಿ ಕಪ್ಪಾಗುವ ಮೆಹೆಂದಿಯಲ್ಲಿ ಕಪ್ಪು ಮಾಡುತ್ತಿರುವುದು ಎಲೆಯಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಫಿನೈಲೀನ್ ಡೈಅಮೀನ್ ಅಥವಾ ಟಾಲ್ಯೂಯೀನ್ ಡೈಅಮೀನ್ ಎಂಬ ಪದ ಕಂಡರೆ ಪರೀಕ್ಷೆ ಬೇಕೇ ಬೇಕು.

ಪರೀಕ್ಷೆಯಲ್ಲಿ ಒಗ್ಗಿದವರು ಹಚ್ಚಿಕೊಳ್ಳಬಹುದು, ಹೆದರಬೇಕಾದುದಿಲ್ಲ. ಅದಕ್ಕೂ ಒಂದು ಹದವಿದೆ. ತಲೆ ತೊಳೆದ ದಿನವೇ ಹಚ್ಚದೆ ಒಂದು ದಿನ ಬಿಟ್ಟು ಒಣಕೂದಲಿಗೆ ಹಚ್ಚಬೇಕು. ಹಣೆಯ ಅಂಚಿಗೂ ಕಿವಿಗೂ ಕೊಬ್ಬರಿ ಎಣ್ಣೆ ಸವರಿದರೆ ಚರ್ಮಕ್ಕೆ ಕಪ್ಪು ಹಿಡಿಯುವುದಿಲ್ಲ. ಕೈಗವಸು, ಪಿಂಗಾಣಿ ಅಥವಾ ಪ್ಲಾಸ್ಟಿಕ್ ಬಟ್ಟಲು ಇರಲಿ. ಪೆರಾಕ್ಸೈಡ್ ಇರುವ ಬಣ್ಣವನ್ನು ಲೋಹದ ಪಾತ್ರೆಯಲ್ಲಿ ಕಲಸಬಾರದು. ನೆತ್ತಿಯಲ್ಲಿ ಗಾಯವೋ ಕಜ್ಜಿಯೋ ಇದ್ದರೆ ಅಂದು ಬೇಡ. ಹೇಳಿದ ಹೊತ್ತಿಗಿಂತ ಹೆಚ್ಚು ಇಟ್ಟರೆ ಹೆಚ್ಚು ಕಪ್ಪಾಗುತ್ತದೆಂಬುದು ಭ್ರಮೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಎರಡು ತಿಂಗಳ ಮೇಲೆ ಬುಡದಲ್ಲಿ ಬೆಳ್ಳಗೆ ಕಾಣುವುದು ಸುಮಾರು ಎರಡು ಸೆಂಟಿಮೀಟರು ಮಾತ್ರ. ಅಷ್ಟಕ್ಕಾಗಿ ಮೊಣಕಾಲ ತನಕ ಇಳಿಬಿದ್ದ ಜಡೆಗೆಲ್ಲ ಮತ್ತೆ ಮತ್ತೆ ಬಣ್ಣ ಬಳಿಯುವುದು ಹಣಕ್ಕೂ ಕೂದಲಿಗೂ ನಷ್ಟ. ಬೈತಲೆಯ ಎರಡು ಬದಿ, ಕಿವಿಯ ಮೇಲಿನ ಭಾಗ, ಮುಂದಲೆ, ಇಷ್ಟರ ಬುಡಕ್ಕೆ ಹಚ್ಚಿದರೆ ಸಾಕು. ಕಡುಗಪ್ಪಿಗಿಂತ ಕಂದುಗಪ್ಪು ಮೇಲು. ಹೊಸ ನರೆ ಹುಟ್ಟಿದಾಗ ಗೆರೆ ಎಳೆದಂತೆ ಎದ್ದು ಕಾಣುವುದಿಲ್ಲ. ಅದಕ್ಕೂ ಪುರಸೊತ್ತಿಲ್ಲದ ವಾರದಲ್ಲಿ ಬೈತಲೆಯನ್ನು ಎಡದಿಂದ ಬಲಕ್ಕೆ ಬದಲಿಸಿ ತೆಗೆದುಕೊಂಡರೆ ಹದಿನೈದು ದಿನದ ನರೆ ಮರೆಯಾಗುತ್ತದೆ. ಇದು ನಮ್ಮ ಹಾಸ್ಟೆಲಿನ ಮೇಲ್ವಿಚಾರಕಿಯೊಬ್ಬರಿಂದ ಕಲಿತದ್ದು, ಖರ್ಚಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆ. ಈ ಬಣ್ಣ ಹೊಟ್ಟೆಗೆ ಹೋದರೆ ವಿಷ. ಗಂಟಲು ಊದಿ ಉಸಿರು ಕಟ್ಟುತ್ತದೆ, ಆಮೇಲೆ ಮೂತ್ರಪಿಂಡ ಕೆಡುತ್ತದೆ. ಮಕ್ಕಳ ಕೈಗೆ ಸಿಗದಂತೆ ಮೇಲಿಡಬೇಕು. ಅಕಸ್ಮಾತ್ ನುಂಗಿದವರನ್ನು ಮನೆಮದ್ದಿಗೆ ಕಾಯಿಸದೆ ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಅವ್ವನಿಗಂತೂ ಪೊಟ್ಟಣದ ದಾರಿ ಮುಚ್ಚಿತು. ಹಾಗಾದರೆ ಅವಳು ನರೆಯನ್ನು ಹೊತ್ತುಕೊಂಡೇ ಇರಬೇಕೇ? ಈ ಪ್ರಶ್ನೆ ಹಳೆಯದು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಸುಗಂಧದ್ರವ್ಯಗಳ ಅಧ್ಯಾಯವನ್ನು ಆರಂಭಿಸುವುದೇ ಈ ಚಿಂತೆಯಿಂದ: ತಲೆ ನರೆತವನಿಗೆ ಹೂವು, ಗಂಧ, ಒಡವೆ ಯಾವುದೂ ಶೋಭಿಸದೆಂದು ಹೇಳಿ, ಮೊದಲು ಕೂದಲ ಬಣ್ಣದ ವಿಧಾನವನ್ನು ಕೊಡುತ್ತಾನೆ. ಹಾರಕದಕ್ಕಿಯನ್ನು ಹುಳಿಯಲ್ಲಿ, ಕಬ್ಬಿಣದ ಪಾತ್ರೆಯಲ್ಲಿ, ಕಬ್ಬಿಣದ ಪುಡಿಯೊಡನೆ ಬೇಯಿಸಿ ತಲೆಗೆ ಮೆತ್ತಿ ಹಸಿರೆಲೆಯಿಂದ ಸುತ್ತುವುದು. ಅದನ್ನು ತೊಳೆದು, ನೆಲ್ಲಿಯ ಕಲ್ಕವನ್ನು ಮೆತ್ತಿ ಮತ್ತೆ ಎಲೆ ಸುತ್ತುವುದು. ಹುಳಿಯಲ್ಲಿ ಕರಗಿದ ಕಬ್ಬಿಣ, ಅದರ ಮೇಲೆ ನೆಲ್ಲಿಯ ಒಗರು. ಒಗರಿನಲ್ಲಿರುವ ಟ್ಯಾನಿನ್ ಎಂಬ ವಸ್ತು ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿಗೆ ಅಣ್ಣಭೇದಿ ಹಾಕಿ ಶಾಯಿ ಮಾಡುತ್ತಿದ್ದುದೂ ಇದೇ ತತ್ತ್ವದಿಂದ.

ಇದನ್ನು ಓದುತ್ತಿದ್ದಾಗ ನನಗೆ ಥಟ್ಟನೆ ಹೊಳೆದದ್ದು ಅವ್ವನ ಅಂಗೈ. ಅಡಿಕೆ ಸುಲಿದವರ ಕೈಯನ್ನು ನೋಡದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಹಸಿಯಡಿಕೆಯ ಒಗರು, ಮೆಟ್ಟುಗತ್ತಿಯ ಕಬ್ಬಿಣ ಎರಡೂ ಸೇರಿ ಅಂಗೈ, ಬೆರಳಿನ ಗೆಣ್ಣು, ಉಗುರಿನ ಸಂದುಗಳೆಲ್ಲ ಮಸಿಯಾಗಿ ತಿಂಗಳುಗಟ್ಟಲೆ ಬಿಡುವುದಿಲ್ಲ. ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ಬಟ್ಟೆಗೆ ಬಣ್ಣ ಕಟ್ಟುವ ಕೆಲಸವನ್ನು ಪಕ್ಕದ ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯ ಹೆಂಗಸರು ಮಾಡಿ ತೋರಿಸಿದ್ದಾರೆ. ಅವ್ವ ಕೈಯ ಕಪ್ಪನ್ನು ತೆಗೆಯಲು ನಿಂಬೆಹೋಳು ತಿಕ್ಕುತ್ತಾಳೆ. ತಲೆಗೆ ಕಪ್ಪನ್ನು ತರಲು ಹಣ ಕೊಡುತ್ತಾಳೆ. ಬೇಡದ ಕಡೆ ಕೂಲಿಯ ಜೊತೆಗೆ ಬಿಟ್ಟಿಯಾಗಿ ಬಂದದ್ದು ಬೇಕಾದ ಕಡೆ ದುಡ್ಡು ಕೊಟ್ಟರೂ ಒಗ್ಗಲಿಲ್ಲ. (ಹಾಗೆಂದು ಯಾರೂ ಚೊಗರನ್ನು ತಲೆಗೆ ಸುರಿದುಕೊಳ್ಳಬಾರದು. ನಾನು ಪರೀಕ್ಷಿಸಿಲ್ಲ, ಅವ್ವ ಒಪ್ಪಲಿಲ್ಲ.)

ಮದರಂಗಿಯ ವಿಚಾರಕ್ಕೆ ಬರೋಣ. ಇದರ ಎಲೆಯಲ್ಲಿ ಲಾಸೋನ್ ಎಂಬ ಕೆಂಪು ವರ್ಣದ್ರವ್ಯವಿದ್ದು ಅದು ಕೂದಲಿನ ಕೆರಾಟಿನ್ನಿಗೆ ತಾನಾಗಿ ಅಂಟುತ್ತದೆ. ಕಪ್ಪುಕೂದಲಿನ ಮೇಲೆ ಹೊಳಪಾಗಿಯೂ ಬಿಳಿಕೂದಲಿನ ಮೇಲೆ ಕೇಸರಿಗೆಂಪಾಗಿಯೂ ಕಾಣುತ್ತದೆ. ಬೇಲಿಯ ಗಿಡದ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿಮಾಡಿ, ಚಹಾದ ಡಿಕಾಕ್ಷನ್ನಿನಲ್ಲಿ ನೆಲ್ಲಿಪುಡಿಯೊಡನೆ ಕಲಸಿ, ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಇಡುವುದು ನಮ್ಮ ಕಡೆಯ ರೂಢಿ. ಬಾಣಲೆಯ ಕಬ್ಬಿಣ, ಚಹಾ ನೆಲ್ಲಿಗಳ ಒಗರು ಸೇರಿ ಕೆಂಪು ಸ್ವಲ್ಪ ಕಂದಿಗೆ ತಿರುಗುತ್ತದೆ. ವರಾಹಮಿಹಿರನ ಹೆಸರು ಕೇಳದ ಅಜ್ಜಿಯರು ಅವನ ಪಾಠವನ್ನು ಬಿಟ್ಟಿಲ್ಲ! ಇನ್ನೂ ಕಪ್ಪು ಬೇಕೆಂದರೆ ಮದರಂಗಿಯನ್ನು ತೊಳೆದ ಮೇಲೆ ನೀಲಿಗಿಡದ ಎಲೆಯ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಒಂದು ಗಂಟೆ ಹಚ್ಚಬೇಕು. ಇದನ್ನು ಮದರಂಗಿಯಂತೆ ನೆನೆಯಿಡಬಾರದು. ಕಲಸಿ ಹತ್ತು ಹದಿನೈದು ನಿಮಿಷದಲ್ಲಿ ಹಚ್ಚಿಬಿಡಬೇಕು. ಕೆಂಪಿನ ಮೇಲೆ ನೀಲಿ ಬಿದ್ದು ಕಪ್ಪಿನಂತಾಗುತ್ತದೆ. ಪೂರ್ತಿ ಬಣ್ಣ ತೋರುವುದು ಮರುದಿನ. ಅಂಗಡಿಯಲ್ಲಿ ಸಿಗುವ ಪುಡಿಗಳಲ್ಲಿ ಎಲೆಯ ಹೆಸರೊಂದೇ ಇದೆಯೇ ಎಂದು ನೋಡಿಕೊಳ್ಳಬೇಕು. ಇವನ್ನೂ ಮೊದಲು ಕಿವಿಯ ಹಿಂದೆ ಹಚ್ಚಿ ನೋಡುವುದು ಒಳ್ಳೆಯದು.

ಇಷ್ಟೆಲ್ಲ ಮಾಡಲು ಬಿಡುವೆಲ್ಲಿದೆ ಎಂದು ಕೇಳುವಿರಿ. ಇಲ್ಲಿ ಗಡಿಯಾರದ ಕಾಲ ಬೇರೆ, ಕೈಯ ಕಾಲ ಬೇರೆ ಎಂಬುದನ್ನು ಗಮನಿಸಬೇಕು. ಮದರಂಗಿಗೆ ಗಡಿಯಾರದ ಲೆಕ್ಕದಲ್ಲಿ ಒಂದು ರಾತ್ರಿ, ಒಂದು ಹೊತ್ತು ಬೇಕು. ಆದರೆ ರಾತ್ರಿ ಅದು ತಾನೇ ನೆನೆಯುತ್ತದೆ, ಹಗಲು ತಲೆಗೆ ಹಳೆ ಬಟ್ಟೆ ಕಟ್ಟಿಕೊಂಡು ಅವ್ವ ಅಡಿಕೆ ಸುಲಿಯುತ್ತಿರುತ್ತಾಳೆ. ಅವಳ ಕೈ ಅದಕ್ಕೆ ಕೊಡುವುದು ಅರ್ಧ ಗಂಟೆ. ಪೊಟ್ಟಣದ ಬಣ್ಣಕ್ಕೂ ಹಾಗೆಯೇ. ಪರೀಕ್ಷೆಗೆ ಎರಡು ದಿನ ಬೇಕೆಂದರೆ ದೊಡ್ಡದಾಗಿ ಕಾಣುತ್ತದೆ; ಕೈ ಕೊಡಬೇಕಾದದ್ದು ಎರಡು ನಿಮಿಷ. ‘ಹದಿನೈದು ನಿಮಿಷದಲ್ಲಿ ಕಪ್ಪು’ ಎಂದು ಸಾರುವವನು ಮಾರುವುದು ಬಣ್ಣಕ್ಕಿಂತ ಹೆಚ್ಚಾಗಿ ಅವಸರವನ್ನು.

ಬಣ್ಣವೇ ಬೇಡವೆನ್ನುವವರೂ ಉಂಟು. ಅವರು ಉಡುತಡಿಯ ಮಹಾದೇವಿಯಕ್ಕನ ಹೆಸರು ಎತ್ತುವುದುಂಟು. ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಹುಟ್ಟಿ, ಅರಮನೆಯನ್ನೂ ಉಡಿಗೆ ತೊಡಿಗೆಯನ್ನೂ ತೊರೆದು, ತನ್ನ ಕೂದಲನ್ನೇ ಹೊದೆದು ಕಲ್ಯಾಣಕ್ಕೆ ನಡೆದವಳೆಂದು ಪರಂಪರೆ ಹೇಳುವ ಆ ಹನ್ನೆರಡನೆಯ ಶತಮಾನದ ಮಹಾಶರಣೆಯ ಮುಂದೆ ಯಾವ ಅಲಂಕಾರ ನಿಂತೀತು? ನಿಜ. ಆದರೆ ಈ ದೃಷ್ಟಾಂತವನ್ನು ಅಡಿಕೆ ಸುಲಿಯುವ ಹೆಂಗಸಿನ ಮುಂದೆ ಹಿಡಿಯುವುದು ನನಗೆ ಸರಿತೋರುವುದಿಲ್ಲ. ತೊರೆಯುವುದಕ್ಕೆ ಮೊದಲು ಇರಬೇಕಲ್ಲವೇ? ನರೆಯನ್ನು ಹಾಗೆಯೇ ಬಿಡುವುದು ಚಂದವೇ ಹೌದು, ಬಿಡುವವಳು ತಾನೇ ಮನಸಾರೆ ಬಿಟ್ಟರೆ. ನಮ್ಮ ಕಾಲೇಜಿನಲ್ಲಿ ಹಾಗೆ ಬೆಳ್ಳಿಯಂಥ ತಲೆಯಲ್ಲಿ ಪಾಠ ಹೇಳುವ ಅಧ್ಯಾಪಕಿಯರನ್ನು ನಾವೆಲ್ಲ ಮೆಚ್ಚುತ್ತೇವೆ.

ಮುಖದ ವಿಷಯಕ್ಕೆ ಇಷ್ಟು ಹೊತ್ತು ಬೇಡ. ಬೆಳಗಿನ ಬಸ್ಸಿಗೆ ಐದು ನಿಮಿಷವಿರುವ ಶಿಕ್ಷಕಿಗೆ ಬೇಕಾದುದು ತೊಳೆದ ಮುಖ, ಒಣಚರ್ಮವಾದರೆ ಒಂದು ಚೂರು ಕ್ರೀಮು, ಕಾಡಿಗೆ, ಬೊಟ್ಟು. ಬೇಕೆನಿಸಿದರೆ ತುಟಿಬಣ್ಣ, ಅದನ್ನೇ ಬೆರಳಿನಲ್ಲಿ ಒಂದು ಚುಕ್ಕೆ ತೆಗೆದು ಕೆನ್ನೆಗೆ ತೀಡಿದರೆ ಬೇರೆ ಡಬ್ಬಿ ಬೇಡ. ಪೌಡರು ಬಳಿಯುವುದಾದರೆ ಬೆವರು ಒರಸಿ ಬಳಿಯಬೇಕು. ನಮ್ಮ ಎ‍ಣ್ಣೆಗೆಂಪು ಮೈಗೆ ಬಿಳಿ ಪೌಡರು ಹಾಕಿದರೆ ಬೂದಿ ಬಳಿದಂತಾಗುತ್ತದೆ. ಬಣ್ಣದ ಪೌಡರನ್ನು ಕೊಳ್ಳುವಾಗ ಅಂಗಡಿಯ ದೀಪದಲ್ಲಿ ಅಂಗೈಗೆ ಹಚ್ಚಿ ನೋಡದೆ, ಬಾಗಿಲಾಚೆ ಬಿಸಿಲಿಗೆ ಬಂದು ದವಡೆಯ ಅಂಚಿಗೆ ಹಚ್ಚಿ ನೋಡಬೇಕು. ಎಲ್ಲಿ ಹಚ್ಚಿದೆಯೆಂದು ತಿಳಿಯದಿದ್ದರೆ ಅದೇ ನಿಮ್ಮ ಬಣ್ಣ. ಕಾಡಿಗೆ ಒಬ್ಬರದು ಇನ್ನೊಬ್ಬರಿಗೆ ಬೇಡ, ಹಾಸ್ಟೆಲಿನಲ್ಲಿ ಕೆಂಗಣ್ಣು ಹಬ್ಬುವುದಕ್ಕೆ ಇದೂ ಒಂದು ದಾರಿ. ರಾತ್ರಿ ಮಲಗುವ ಮುನ್ನ ಎಣ್ಣೆಯಿಂದ ಒರಸಿ ತೆಗೆಯಬೇಕು. ಕಲ್ಲಿನಿಂದ ಅರೆದ ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ. ಎಳೆಮಕ್ಕಳ ಕಣ್ಣಿಗಂತೂ ಯಾವುದೂ ಬೇಡ.

ಅಂಟಿನ ಬೊಟ್ಟು ಕೆಲಸದವರಿಗೆ ಅನುಕೂಲ, ಬೆವರಿಗೆ ಇಳಿಯುವುದಿಲ್ಲ. ಆದರೆ ಕೆಲವು ಅಂಟುಗಳಲ್ಲಿರುವ ರಾಸಾಯನಿಕವು ಕೆಲವರ ಹಣೆಯ ಬಣ್ಣವನ್ನೇ ತೆಗೆದು, ಬೊಟ್ಟಿನ ಜಾಗದಲ್ಲಿ ಬಿಳಿ ಮಚ್ಚೆ ಉಳಿಸುತ್ತದೆ. ತುರಿಕೆ ಕಂಡೊಡನೆ ಬಿಡಬೇಕು. ರಾತ್ರಿ ತೆಗೆದಿಟ್ಟು ಹಣೆಗೆ ಉಸಿರಾಡಲು ಬಿಡಬೇಕು. ಅರಿಸಿನಕ್ಕೆ ಕ್ಷಾರ ಸೇರಿಸಿ ಕೆಂಪಾಗಿಸಿದ ಮನೆಯ ಕುಂಕುಮವನ್ನು ಒಂದು ಚೂರು ಮೇಣದ ಮೇಲೆ ಇಟ್ಟರೆ ಸಂಜೆಯ ತನಕ ನಿಲ್ಲುತ್ತದೆ; ನಮ್ಮ ಅಜ್ಜಿಯ ಮೇಣದ ಭರಣಿ ಇನ್ನೂ ಮಾಡದ ಮೇಲಿದೆ.

ನಾನು ನಿಜವಾಗಿ ಜಗಳವಾಡಬೇಕೆಂದಿರುವುದು ಬೆಳ್ಳಗಾಗಿಸುವ ಕ್ರೀಮಿನ ಮೇಲೆ. ಸಂತೆಯಲ್ಲಿ, ಬಳೆ ಅಂಗಡಿಯಲ್ಲಿ, ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೈಗೆ ಬರುವ ಕೆಲವು ಕೊಳವೆಗಳಲ್ಲಿರುವುದು ಸ್ಟೀರಾಯ್ಡ್ ಎಂಬ ಔಷಧ. ಕ್ಲೋಬೆಟಸಾಲ್, ಬೆಟಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳನ್ನು ಕಂಠಪಾಠ ಮಾಡಿಟ್ಟುಕೊಳ್ಳಿ. ಮೊದಲ ವಾರ ಮುಖ ತಿಳಿಯಾಗುತ್ತದೆ, ಗೆಳತಿಯರು ಹೊಗಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳ್ಳಗಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಮುಖದ ಮೇಲೆ ರೋಮ ಬರುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಬಿಟ್ಟರೆ ಇನ್ನೂ ಕೆರಳುವುದರಿಂದ ಬಿಡುವುದಕ್ಕೂ ವೈದ್ಯರೇ ಬೇಕು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಔಷಧಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಹೆಸರಿಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ; ಅದು ಚರ್ಮದ ಮೂಲಕ ಹೋಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ದೇಶದ ಹೆಸರಾಂತ ಕ್ರೀಮೊಂದು 2020ರಲ್ಲಿ ‘ಫೇರ್’ ಎಂಬ ಪದವನ್ನು ಕೈಬಿಟ್ಟು ‘ಗ್ಲೋ’ ಎಂದಿಟ್ಟುಕೊಂಡಿತು. ಹೆಸರು ಬದಲಾಯಿತು, ಆದರೆ ವಧುಪರೀಕ್ಷೆಗೆ ಬಂದವರು ಕೇಳುವ ಮೊದಲ ಪ್ರಶ್ನೆ ಬದಲಾದುದನ್ನು ನಾನು ಇನ್ನೂ ಕಂಡಿಲ್ಲ. ನಮ್ಮ ತರಗತಿಯಲ್ಲಿಯೇ ಇಬ್ಬರು ಗೆಳತಿಯರು ಮದುವೆಯ ಮಾತುಕತೆ ಆರಂಭವಾದ ತಿಂಗಳಿಂದ ಈ ಕೊಳವೆ ಹಿಡಿದರು. ಒಬ್ಬಳು ಇಂದಿಗೂ ಮುಖಕ್ಕೆ ಸೆರಗು ಮುಚ್ಚಿಕೊಂಡು ಬಸ್ಸು ಹತ್ತುತ್ತಾಳೆ. ಗದ್ದೆಯಲ್ಲಿ, ತೋಟದಲ್ಲಿ ದುಡಿಯುವವರ ಮುಖ ಬಿಸಿಲಿಗೆ ಕಪ್ಪಾಗುವುದು ಸಹಜ. ತಲೆಗೆ ಬಟ್ಟೆ, ಮಧ್ಯಾಹ್ನದ ನೆರಳು ಅದಕ್ಕೆ ಮದ್ದು. ಹುಟ್ಟಿನ ಬಣ್ಣಕ್ಕೆ ಮದ್ದು ಬೇಕಾಗಿಯೇ ಇಲ್ಲ.

ಈ ವರ್ಷದ ಸುಲಿತ ಈಗ ನಡೆಯುತ್ತಿದೆ. ಅವ್ವನ ಮುಂದಲೆ ಮದರಂಗಿಯಿಂದ ಕೆಂಪಡಿಕೆಯ ಬಣ್ಣಕ್ಕೆ ತಿರುಗಿದೆಯೆಂದು ಜೊತೆಯವರು ನಗುತ್ತಾರೆ, ಅವಳೂ ನಗುತ್ತಾಳೆ. ನಾನು ಸಂಜೆ ಕಾಲೇಜಿನಿಂದ ಬಂದು ಪಕ್ಕದಲ್ಲಿ ಮೆಟ್ಟುಗತ್ತಿ ಹಿಡಿದು ಕೂತರೆ, ಒಬ್ಬೊಬ್ಬರೇ ಸೊಂಟದ ಚೀಲದಿಂದ ಪೊಟ್ಟಣ ತೆಗೆದು, “ಇದ್ರಾಗೆ ಆ ಸುಡುಗಾಡು ಐತೇನೇ ನೋಡು ತಂಗಿ” ಎಂದು ನೀಡುತ್ತಾರೆ. ನಾನು ಬೆನ್ನಿನ ಸಣ್ಣಕ್ಷರವನ್ನು ದೀಪಕ್ಕೆ ಹಿಡಿದು ಗಟ್ಟಿಯಾಗಿ ಓದಿ ಹೇಳುತ್ತೇನೆ. ಈಚೆಗೆ ಶುಕ್ರವಾರದ ರಾತ್ರಿ ನಮ್ಮ ಸುಲಿತದ ಚಪ್ಪರದಲ್ಲಿ ಮೂರು ನಾಲ್ಕು ಮಂದಿಯ ಕಿವಿಯ ಹಿಂದೆ, ಕೂಸುಗಳಿಗೆ ಇಡುವ ದೃಷ್ಟಿಬೊಟ್ಟಿನಂತೆ, ಒಂದೊಂದು ಕಪ್ಪು ಚುಕ್ಕೆ ಕಾಣುತ್ತದೆ.